ಪರದೆಯ ಮೇಲಿನ ಯುದ್ಧ, ಕಡತದೊಳಗಿನ ಯುದ್ಧ

2025ರ ಗಣರಾಜ್ಯೋತ್ಸವ ಭಾನುವಾರದಂದು ಬಂದಿತ್ತು. ಬೆಳಿಗ್ಗೆ ದೂರದರ್ಶನದಲ್ಲಿ ಕರ್ತವ್ಯಪಥದ ಪಥಸಂಚಲನ ನೋಡಿದ್ದಾಯಿತು, ಬಿಸಿಬೇಳೆ ಅನ್ನ ಉಂಡದ್ದೂ ಆಯಿತು. ಮಧ್ಯಾಹ್ನದ ಆಟಕ್ಕೆ ನಾವು, ನಮ್ಮ ಮನೆಯವರು, ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗ, ಜೊತೆಗೆ ನಮ್ಮ ಮೇಲಿನ ಮಹಡಿಯಲ್ಲಿ ಮಗಳ ಮನೆಯಲ್ಲಿರುವ ಕೊಡಗಿನ ಹಿರಿಯರೊಬ್ಬರು, ಹೀಗೆ ನಾಲ್ವರು ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರಕ್ಕೆ ಹೊರಟೆವು. ಹಿರಿಯರು ಸೈನ್ಯದಿಂದ ನಿವೃತ್ತರಾದವರು; ಸಿನಿಮಾದ ಗೀಳು ಇರುವವರಲ್ಲ. ಆದರೆ ಆ ದಿನ ಕೋಟು ಹಾಕಿಕೊಂಡು, ಬೂಟಿಗೆ ಪಾಲಿಷ್ ಮಾಡಿಕೊಂಡು, ನಮಗಿಂತ ಮೊದಲೇ ಮೆಟ್ಟಿಲ ಬಳಿ ನಿಂತಿದ್ದರು. “ನಮ್ಮ ದೇವಯ್ಯನವರ ಕಥೆಯಂತಲ್ಲ, ನೋಡದೆ ಇರಲಿಕ್ಕಾಗುತ್ತದೆಯೇ?” ಎಂದರು.

ಚಿತ್ರ ಮುಗಿಯಿತು. ಹಿಂದಿರುಗುವಾಗ ಮೆಟ್ರೋದಲ್ಲಿ ಮಗನಿಗೆ ಮಾತಾಡಿ ತೀರಲಿಲ್ಲ. ಕೈಯನ್ನೇ ವಿಮಾನ ಮಾಡಿ ತಿರುಗಿಸುತ್ತಿದ್ದ. ಹಿರಿಯರು ಮಾತ್ರ ಮೂರು ನಿಲ್ದಾಣ ದಾಟುವವರೆಗೂ ಸುಮ್ಮನಿದ್ದರು. ಆಮೇಲೆ ನಮ್ಮ ಕಡೆ ತಿರುಗಿ, “ಚಿತ್ರ ಚೆನ್ನಾಗಿತ್ತು. ಆದರೆ ದೇವಯ್ಯನವರು ಎಲ್ಲಿದ್ದರು?” ಎಂದು ಕೇಳಿದರು.

ಮಗ, “ಅಜ್ಜ, ಆ ವಿಜಯ ಅಂತ ಇದ್ದನಲ್ಲ, ಅವನೇ ದೇವಯ್ಯ” ಎಂದ.

“ಅದು ಹೇಗೆ ಮಗು? ದೇವಯ್ಯ ಅಂದರೆ ದೇವಯ್ಯನವರೇ ಅಲ್ಲವೇ?” ಎಂದು ಹಿರಿಯರು ಕಿಟಕಿಯ ಹೊರಗೆ ನೋಡತೊಡಗಿದರು.

ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು. ನಾವು ಚಿತ್ರವಿಮರ್ಶಕರಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ಓದಿದ್ದು ಬಿ.ಎಸ್‌ಸಿ. ಬೆಳಗಿನಿಂದ ಸಂಜೆಯವರೆಗೆ ಕಡತ ಬಿಚ್ಚುವುದು, ಟಿಪ್ಪಣಿ ಬರೆಯುವುದು, ಕಡತ ಕಟ್ಟುವುದು, ಇಷ್ಟೇ ನಮ್ಮ ಪ್ರಪಂಚ. ಕಾಗದದಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ಒಬ್ಬ ವಿಧವೆಯ ಪಿಂಚಣಿ ತಿಂಗಳುಗಟ್ಟಲೆ ನಿಂತುಹೋಗುತ್ತದೆ ಎಂಬುದನ್ನು ಬಲ್ಲವರು. ಆದ್ದರಿಂದ ಹಿರಿಯರ ಪ್ರಶ್ನೆ ಇತರರಿಗೆ ಸಣ್ಣದಾಗಿ ಕಂಡರೂ ನಮಗೆ ಹಾಗೆ ಕಾಣಲಿಲ್ಲ.

ಮೊದಲು ಚಿತ್ರಕ್ಕೆ ಸಲ್ಲಬೇಕಾದ ಶ್ಲಾಘನೆಯನ್ನು ಸಲ್ಲಿಸಿಬಿಡೋಣ. ಸಂದೀಪ್ ಕೇವ್ಲಾನಿ ಮತ್ತು ಅಭಿಷೇಕ್ ಅನಿಲ್ ಕಪೂರ್ ನಿರ್ದೇಶಿಸಿರುವ ಈ ಚಿತ್ರ 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ನಮ್ಮ ವಾಯುಪಡೆ ಸರ್ಗೋಧಾ ವಿಮಾನನೆಲೆಯ ಮೇಲೆ ನಡೆಸಿದ ದಾಳಿಯ ಸುತ್ತ ಹೆಣೆದದ್ದು. ದಳದ ನಾಯಕನಾಗಿ ಅಕ್ಷಯ್ ಕುಮಾರ್, ಹಿಂದಿರುಗದೆ ಹೋದ ಕಿರಿಯ ಅಧಿಕಾರಿ ವಿಜಯನಾಗಿ ವೀರ್ ಪಹಾಡಿಯಾ ನಟಿಸಿದ್ದಾರೆ. ಆಕಾಶದ ದೃಶ್ಯಗಳು ಕಣ್ಣು ತುಂಬುತ್ತವೆ. ಎದುರಾಳಿ ಪೈಲಟನ್ನು ರಾಕ್ಷಸನನ್ನಾಗಿ ಮಾಡಿಲ್ಲ ಎಂಬುದು ದೊಡ್ಡ ಸಮಾಧಾನ. ಎಲ್ಲಕ್ಕಿಂತ ಮಿಗಿಲಾಗಿ, ನಾಪತ್ತೆಯಾದ ತನ್ನ ಸಹೋದ್ಯೋಗಿಗೆ ಏನಾಯಿತೆಂದು ತಿಳಿಯದೆ ಬಿಡೆನು ಎಂದು ಒಬ್ಬ ಮೇಲಧಿಕಾರಿ ವರ್ಷಗಟ್ಟಲೆ ಅಲೆಯುವುದು ಚಿತ್ರದ ಉತ್ತರಾರ್ಧ. ಗುಂಡಿನ ಸದ್ದಿಲ್ಲದ ಈ ಭಾಗವೇ ನಮಗೆ ಹೆಚ್ಚು ಹಿಡಿಸಿತು.

ಇನ್ನು ನಿಜವಾದ ಕಥೆ. ಅಜ್ಜಮಾಡ ಬೋಪಯ್ಯ ದೇವಯ್ಯನವರು 1932ರ ಡಿಸೆಂಬರ್‌ನಲ್ಲಿ ಕೊಡಗಿನಲ್ಲಿ ಹುಟ್ಟಿದವರು. 1965ರ ಯುದ್ಧ ಆರಂಭವಾದಾಗ ಸ್ಕ್ವಾಡ್ರನ್ ಲೀಡರ್ ಹುದ್ದೆಯಲ್ಲಿದ್ದು, ವಾಯುಪಡೆಯ ತರಬೇತಿ ಕಾಲೇಜಿನಲ್ಲಿ ಎಳೆಯರಿಗೆ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದ ಶಿಕ್ಷಕರು. ಯುದ್ಧಕ್ಕಾಗಿ ಅವರನ್ನು ಒಂದನೆಯ ಸ್ಕ್ವಾಡ್ರನ್ನಿಗೆ ಕಳುಹಿಸಿದರು. ಸೆಪ್ಟೆಂಬರ್ 7ರ ಬೆಳಗಿನ ದಾಳಿಯಲ್ಲಿ ಅವರದು ಮೀಸಲು ಸ್ಥಾನ. ಯಾರಾದರೂ ತಪ್ಪಿದರೆ ಅವರ ಜಾಗಕ್ಕೆ ಹೋಗಬೇಕು. ಒಂದು ವಿಮಾನ ತಪ್ಪಿತು, ದೇವಯ್ಯನವರು ಹೋದರು. ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಎಫ್-104 ಸ್ಟಾರ್‌ಫೈಟರ್ ಎದುರಾಯಿತು.

ನಾವು ಓದಿದ ಭೌತಶಾಸ್ತ್ರಕ್ಕೆ ಇಲ್ಲಿ ಸ್ವಲ್ಪ ಕೆಲಸವಿದೆ. ಸ್ಟಾರ್‌ಫೈಟರ್ ಎಂದರೆ ಶಬ್ದದ ವೇಗದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ. ದೇವಯ್ಯನವರ ಫ್ರೆಂಚ್ ನಿರ್ಮಿತ ಮಿಸ್ಟೇರ್ ಸಮತಲದಲ್ಲಿ ಹಾರುವಾಗ ಶಬ್ದದ ವೇಗವನ್ನೂ ದಾಟಲಾರದ್ದು. ಗಂಟೆಗೆ 900 ಕಿಲೋಮೀಟರ್ ಎಂದರೆ ಸೆಕೆಂಡಿಗೆ 250 ಮೀಟರ್. ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಬೀದಿ ದಾಟಿರುತ್ತದೆ. ಇಂಥಲ್ಲಿ ವೀರಾವೇಶದ ಸಂಭಾಷಣೆಗೆ ವ್ಯವಧಾನವೆಲ್ಲಿ? ಅಂಥ ಅಸಮಾನ ಕಾಳಗದಲ್ಲಿ, ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದ ಮೇಲೂ ದೇವಯ್ಯನವರು ತಿರುಗಿ ಬಿದ್ದು ಸ್ಟಾರ್‌ಫೈಟರನ್ನು ಹೊಡೆದರು. ಅಮ್ಜದ್ ಹುಸೇನ್ ಧುಮುಕುಕೊಡೆಯಿಂದ ಇಳಿದು ಬದುಕಿಕೊಂಡರು. ದೇವಯ್ಯನವರು ಬದುಕಲಿಲ್ಲ.

ಇದೆಲ್ಲ ನಮ್ಮ ಕಡೆ ಯಾರಿಗೂ ತಿಳಿಯಲಿಲ್ಲ. ಹೋದ ವಿಮಾನ ಬರಲಿಲ್ಲ, ಅಷ್ಟೇ. ಕಡತದಲ್ಲಿ ‘ನಾಪತ್ತೆ’ ಎಂದು ದಾಖಲಾಯಿತು. ನಾಪತ್ತೆ ಎಂಬ ಮಾತಿಗಿಂತ ಕ್ರೂರವಾದ ಮಾತು ಸರ್ಕಾರಿ ಭಾಷೆಯಲ್ಲಿ ಇನ್ನೊಂದಿಲ್ಲ. ಸತ್ತಿದ್ದಾರೆ ಎಂದರೆ ಮನೆಯವರು ಅತ್ತು ಸಮಾಧಾನ ಮಾಡಿಕೊಂಡಾರು. ಬದುಕಿದ್ದಾರೆ ಎಂದರೆ ದಾರಿ ನೋಡಿಯಾರು. ನಾಪತ್ತೆ ಎಂದರೆ ಎರಡಕ್ಕೂ ಎಡೆಯಿಲ್ಲ.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧದ ಇತಿಹಾಸವನ್ನು ಬರೆದು ಪ್ರಕಟಿಸಿದರು. ಒಂದು ಮಿಸ್ಟೇರ್ ವಿಮಾನ ತಮ್ಮ ಸ್ಟಾರ್‌ಫೈಟರನ್ನು ಹೊಡೆದು ಉರುಳಿಸಿತು ಎಂಬ ವಿಷಯ ಅದರಲ್ಲಿತ್ತು. ಒಂದನೆಯ ಸ್ಕ್ವಾಡ್ರನ್ನಿನ ನಾಯಕರಾಗಿದ್ದ ಓ.ಪಿ. ತನೇಜಾ ಅವರು ತಮ್ಮ ದಳದ ಯಾವ ಮಿಸ್ಟೇರ್ ಹಿಂದಿರುಗಲಿಲ್ಲ ಎಂಬುದನ್ನು ಬಲ್ಲವರು. ಪತ್ರವ್ಯವಹಾರ ನಡೆಯಿತು, ಮುಚ್ಚಿದ ಕಡತ ಮತ್ತೆ ತೆರೆಯಿತು. 1988ರಲ್ಲಿ, ಸತ್ತ 23 ವರ್ಷಗಳ ಮೇಲೆ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂದಿತು. ಅವರ ದೇಹವನ್ನು ಅಲ್ಲಿಯ ಹಳ್ಳಿಯ ಜನ ಮಣ್ಣು ಮಾಡಿದರು ಎಂಬುದೂ ಆ ಕಡೆಯವರಿಂದಲೇ ತಿಳಿದ ಸಂಗತಿ.

ಓದುಗರು ಇದನ್ನು ಒಂದು ಕ್ಷಣ ಯೋಚಿಸಬೇಕು. ನಮ್ಮ ಒಬ್ಬ ಯೋಧನ ಶೌರ್ಯಕ್ಕೆ ಸಾಕ್ಷಿ ಹೇಳಿದ್ದು ಶತ್ರುವಿನ ಕಾಗದಪತ್ರ. ಅಮ್ಜದ್ ಹುಸೇನ್ ಬದುಕಿ ಉಳಿಯದಿದ್ದರೆ, ಉಳಿದವರು ನಡೆದದ್ದನ್ನು ನಡೆದಂತೆ ಬರೆದಿಡದಿದ್ದರೆ, ದೇವಯ್ಯನವರು ಇಂದಿಗೂ ನಾಪತ್ತೆಯೇ. ನಿಖರವಾದ ದಾಖಲೆಗೆ ಇಷ್ಟು ಬೆಲೆಯಿದೆ. ಇಂಥ ಕಥೆಯನ್ನು ಕೈಗೆತ್ತಿಕೊಂಡವರೇ ದಾಖಲೆಯನ್ನು ಸಡಿಲ ಬಿಟ್ಟರೆ ಏನನ್ನೋಣ?

ನಮ್ಮ ಮೊದಲನೆಯ ಆಕ್ಷೇಪಣೆ ಹೆಸರಿನದು. ಚಿತ್ರದ ಕಥೆಯೊಳಗೆ ದೇವಯ್ಯನವರಿಲ್ಲ, ಟಿ. ಕೃಷ್ಣ ವಿಜಯ ಇದ್ದಾನೆ. ಅಜ್ಜಮಾಡ ಎಂಬ ಮನೆತನವಿಲ್ಲ, ಕೊಡಗಿಲ್ಲ. ಚಿತ್ರ ಬಂದಾಗ ಕೊಡಗಿನ ಅನೇಕರು ಇದಕ್ಕಾಗಿ ನೊಂದುಕೊಂಡರು. ಹೆಸರು ಬದಲಾಯಿಸಿದರೆ ನಿರ್ಮಾಪಕರಿಗೆ ಅನುಕೂಲವಿದೆ ಎಂಬುದನ್ನು ನಾವು ಬಲ್ಲೆವು. ಬೇಕಾದ್ದು ಸೇರಿಸಬಹುದು, ಬೇಡವಾದ್ದು ಬಿಡಬಹುದು, ಯಾರಾದರೂ ಪ್ರಶ್ನಿಸಿದರೆ ‘ಇದು ಕಲ್ಪಿತ ಪಾತ್ರ’ ಎನ್ನಬಹುದು. ಆದರೆ ‘ಸತ್ಯ ಘಟನೆಯಿಂದ ಪ್ರೇರಿತ’ ಎಂದು ಹೇಳಿ ಜನರನ್ನು ಕರೆಯುವುದೂ ಅವರೇ. ಸತ್ಯದ ಹೆಸರಿನಲ್ಲಿ ಟಿಕೆಟು, ಕಲ್ಪನೆಯ ಹೆಸರಿನಲ್ಲಿ ವಿನಾಯಿತಿ. ನಮ್ಮ ಕಚೇರಿಯಲ್ಲಿ ಯಾರಾದರೂ ಒಂದೇ ಖರ್ಚಿಗೆ ಹೀಗೆ ಎರಡು ಕಡೆ ಬಿಲ್ಲು ಹಾಕಿದರೆ ಲೆಕ್ಕಪರಿಶೋಧಕರು ಸುಮ್ಮನೆ ಬಿಡುವುದಿಲ್ಲ.

ಪ್ರಾಂತಾಭಿಮಾನದಿಂದ ಹೀಗೆ ಬರೆಯುತ್ತಿದ್ದೇವೆ ಎಂದು ಯಾರೂ ತಿಳಿಯಬಾರದು. ಪರಸ್ಥಳದಲ್ಲಿ ಬಾಳುವವರಿಗೆ ಹೆಸರಿನ ಮರ್ಮ ಗೊತ್ತು. ಊರ ಹೆಸರು, ತಂದೆಯ ಹೆಸರು, ನಮ್ಮ ಹೆಸರು, ಈ ಕ್ರಮ ಇಲ್ಲಿಯವರಿಗೆ ಅರ್ಥವಾಗದೆ, ಇನಿಷಿಯಲ್ಲನ್ನೇ ಹೆಸರು ಮಾಡಿ, ಹೆಸರನ್ನೇ ಉಪನಾಮ ಮಾಡಿ, ಒಬ್ಬೊಬ್ಬರ ಪಡಿತರ ಚೀಟಿಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಆಗಿರುವುದು ನಮ್ಮಲ್ಲಿ ಎಷ್ಟು ಮನೆಗಳಿಲ್ಲ? ಬದುಕಿರುವ ನಾವು ಅರ್ಜಿ ಹಾಕಿ ತಿದ್ದಿಸಿಕೊಳ್ಳಬಹುದು. ಸತ್ತವರು ಎಲ್ಲಿ ಅರ್ಜಿ ಹಾಕಿಯಾರು?

ಎರಡನೆಯ ಆಕ್ಷೇಪಣೆ ಸ್ವಭಾವದ್ದು. ಚಿತ್ರದ ವಿಜಯ ಹುಂಬ. ಮೇಲಿನವರ ಅಪ್ಪಣೆ ಮೀರುವುದೇ ಅವನ ಹೆಗ್ಗಳಿಕೆ. ಹಿಂದಿ ಚಿತ್ರದ ಸೈನಿಕನಾಗಬೇಕಾದರೆ ಅಪ್ಪಣೆ ಮೀರಲೇಬೇಕು ಎಂಬ ಒಂದು ನಿಯಮವೇ ಇದ್ದಂತಿದೆ. ನಿಜವಾದ ದೇವಯ್ಯನವರು 32 ದಾಟಿದ ಶಿಕ್ಷಕರು, ಶಿಸ್ತು ಕಲಿಸುತ್ತಿದ್ದವರು. ಅವರ ಕೊನೆಯ ಕ್ಷಣದ ಧೈರ್ಯ ಹುಂಬತನದ್ದಲ್ಲ, ಬಲ್ಲವನ ಧೈರ್ಯ. ನಿಧಾನಸ್ಥನೂ ವೀರನಾಗಬಹುದು ಎಂಬುದನ್ನು ನಮ್ಮ ಮಕ್ಕಳಿಗೆ ತೋರಿಸುವ ಒಳ್ಳೆಯ ಅವಕಾಶವೊಂದು ಹೀಗೆ ಕೈತಪ್ಪಿತು.

ಈ ರೋಗ ಒಂದೇ ಚಿತ್ರದ್ದಲ್ಲ. 1997ರಲ್ಲಿ ಜೆ.ಪಿ. ದತ್ತಾ ಅವರ ‘ಬಾರ್ಡರ್’ ಬಂದಾಗ ನಾವು ಪಿ.ಯು.ಸಿ. ಓದುತ್ತಿದ್ದೆವು. ಊರಿನ ಟಾಕೀಸಿನಲ್ಲಿ ಎರಡು ಸಲ ನೋಡಿ, ಎರಡು ಸಲವೂ ಅತ್ತು ಬಂದಿದ್ದೆವು. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೇವಾಲಾ ಠಾಣೆಯಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ಸುಮಾರು 120 ಜನ, ಟ್ಯಾಂಕುಗಳೊಡನೆ ನುಗ್ಗಿ ಬಂದ ದೊಡ್ಡ ಪಡೆಯನ್ನು ಬೆಳಗಿನವರೆಗೆ ತಡೆದು ನಿಲ್ಲಿಸಿದರು. ಜೈಸಲ್ಮೇರಿನಲ್ಲಿದ್ದ ಹಂಟರ್ ವಿಮಾನಗಳಿಗೆ ರಾತ್ರಿ ಕಾದಾಡುವ ಸೌಕರ್ಯವಿರಲಿಲ್ಲ. ಬೆಳಕು ಹರಿಯುತ್ತಲೇ ಬಂದು ಮರಳಿನಲ್ಲಿ ಸಿಕ್ಕಿಕೊಂಡಿದ್ದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದವು. ಇದು ಯಾವ ಅಲಂಕಾರವೂ ಬೇಡದ ಸಾಹಸ.

ಆದರೆ ಚಿತ್ರಕ್ಕೆ ಸಾವು ಬೇಕಿತ್ತು. ನಿಜವಾದ ಲೋಂಗೇವಾಲಾದಲ್ಲಿ ನಮ್ಮ ಕಡೆ ಸತ್ತವರು ಬೆರಳೆಣಿಕೆಯವರು. ಚಿತ್ರದಲ್ಲಿ ಒಬ್ಬರ ಹಿಂದೆ ಒಬ್ಬರು ಸಾಯುತ್ತಾರೆ. ಹಾಗೆ ಸತ್ತವರಲ್ಲಿ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ಒಬ್ಬರು. ಸುನೀಲ್ ಶೆಟ್ಟಿ ಆ ಪಾತ್ರದಲ್ಲಿ ಪ್ರಾಣ ಬಿಡುವುದನ್ನು ಕಂಡು ನಾವು ಕಣ್ಣೀರಿಟ್ಟಿದ್ದೆವು. ನಿಜವಾದ ಭೈರೋನ್ ಸಿಂಗ್ ರಾಥೋಡ್ ಅವರು ಆ ಯುದ್ಧದಿಂದ ಜೀವಂತರಾಗಿ ಮರಳಿದರು, 1972ರಲ್ಲಿ ಸೇನಾ ಪದಕ ಪಡೆದರು, ಚಿತ್ರ ಬಂದ ಮೇಲೂ 25 ವರ್ಷ ಬಾಳಿ 2022ರ ಡಿಸೆಂಬರ್‌ನಲ್ಲಿ ಜೋಧಪುರದಲ್ಲಿ ತೀರಿಕೊಂಡರು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನಮಗಾದ ನಾಚಿಕೆಯನ್ನು ಇಲ್ಲಿ ಹೇಳಿಕೊಳ್ಳುತ್ತೇವೆ. ನಾವು ಅತ್ತದ್ದು ಬದುಕಿರುವವರೊಬ್ಬರಿಗಾಗಿ. ಅವರು ರಾಜಸ್ಥಾನದಲ್ಲಿ ಬದುಕಿದ್ದಷ್ಟು ಕಾಲವೂ ನಮ್ಮ ಲೆಕ್ಕದಲ್ಲಿ ಸತ್ತಿದ್ದರು. ಒಂದು ಕಾಗದ ಬರೆದು ನಮಸ್ಕಾರ ಹೇಳೋಣ ಎಂದು ನಮಗೆ ಹೊಳೆಯಲಿಲ್ಲ. ಒಂದು ಚಿತ್ರ ಹೆಸರನ್ನು ಕಳೆದು ಸಾವನ್ನು ಉಳಿಸಿಕೊಂಡಿತು. ಇನ್ನೊಂದು ಹೆಸರನ್ನು ಉಳಿಸಿಕೊಂಡು ಜೀವ ತೆಗೆಯಿತು.

“ಸಿನಿಮಾ ಏನು ಪಠ್ಯಪುಸ್ತಕವೇ? ಎರಡು ಗಂಟೆ ಸಂತೋಷವಾಗಿ ನೋಡಿ ಬರಬಾರದೆ?” ಎಂದು ನಮ್ಮ ಮನೆಯವರೇ ಕೇಳುತ್ತಾರೆ. ಒಪ್ಪಬೇಕಾದ ಮಾತು. ಆದರೆ ಪಠ್ಯಪುಸ್ತಕದಲ್ಲಿ 1965ರ ಯುದ್ಧಕ್ಕೆ ದೊರೆಯುವುದು ಕೆಲವು ಸಾಲು. ಉಳಿದದ್ದನ್ನು ಮಕ್ಕಳು ಕಲಿಯುವುದು ಸಿನಿಮಾದಿಂದಲೇ. ನಮ್ಮ ಮಗನನ್ನು ‘ಆ ಯುದ್ಧ ಏಕೆ ನಡೆಯಿತು, ಹೇಗೆ ನಿಂತಿತು?’ ಎಂದು ಕೇಳಿದೆವು. “ಅವರು ಹೊಡೆದರು, ನಾವು ತಿರುಗಿ ಹೊಡೆದೆವು, ಗೆದ್ದೆವು” ಎಂದ. ಚಿತ್ರದಲ್ಲಿ ಇದ್ದುದನ್ನು ಆತ ಸರಿಯಾಗಿಯೇ ಗ್ರಹಿಸಿದ್ದ.

ಆ ಒಂದು ಆಕಾಶಕಾಳಗದಲ್ಲಿ ಎಷ್ಟು ರಾಜಕಾರಣ ಅಡಗಿತ್ತು ನೋಡಿ. ಪಾಕಿಸ್ತಾನಕ್ಕೆ ಸ್ಟಾರ್‌ಫೈಟರ್ ಬಂದದ್ದು ಅಮೆರಿಕದಿಂದ. 1954ರ ಒಪ್ಪಂದದ ಮೇಲೆ ಅಮೆರಿಕ ಪಾಕಿಸ್ತಾನಕ್ಕೆ ಆಯುಧ ಕೊಡತೊಡಗಿದ್ದು ಕಮ್ಯುನಿಸ್ಟ್ ರಾಷ್ಟ್ರಗಳನ್ನು ತಡೆಯುವುದಕ್ಕೆಂದು; ಬಳಕೆಯಾದದ್ದು ನಮ್ಮ ಮೇಲೆ. ನಾವು ಯಾವ ಕೂಟಕ್ಕೂ ಸೇರದೆ ಫ್ರಾನ್ಸಿನಿಂದ, ಬ್ರಿಟನ್ನಿನಿಂದ ವಿಮಾನ ಕೊಂಡೆವು. ಕೊಡಗಿನ ಮಗನೊಬ್ಬ ಫ್ರೆಂಚ್ ವಿಮಾನದಲ್ಲಿ, ಪಾಕಿಸ್ತಾನದ ಮಗನೊಬ್ಬ ಅಮೆರಿಕನ್ ವಿಮಾನದಲ್ಲಿ. ಹತ್ತೊಂಬತ್ತು ವರ್ಷದ ಹಿಂದೆ ಒಂದೇ ದೇಶವಾಗಿದ್ದ ನೆಲದ ಮೇಲೆ ಹೋರಾಡಿದರು. ಯುದ್ಧ ನಡೆಯುತ್ತಿರುವಾಗಲೇ ಅಮೆರಿಕ ಎರಡೂ ದೇಶಗಳಿಗೆ ಆಯುಧ ಕೊಡುವುದನ್ನು ನಿಲ್ಲಿಸಿತು. ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ನಿರ್ಣಯದಂತೆ ಸೆಪ್ಟೆಂಬರ್ 23ರಂದು ಕದನವಿರಾಮವಾಯಿತು. ಸೋವಿಯತ್ ಪ್ರಧಾನಿ ಕೊಸಿಗಿನ್ ಅವರ ಮಧ್ಯಸ್ಥಿಕೆಯಲ್ಲಿ 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಶಾಸ್ತ್ರೀಜಿ ಮತ್ತು ಅಯೂಬ್ ಖಾನ್ ರುಜು ಹಾಕಿದರು. ಅದೇ ರಾತ್ರಿ ಶಾಸ್ತ್ರೀಜಿ ನಮ್ಮನ್ನು ಅಗಲಿದರು. ಇದರಲ್ಲಿ ನಾಟಕೀಯತೆ ಇಲ್ಲವೆಂದು ಯಾರು ಹೇಳಿಯಾರು? ಆದರೂ ನಮ್ಮ ಯುದ್ಧಚಿತ್ರಗಳಲ್ಲಿ ಮೇಜಿನ ಸುತ್ತ ಕುಳಿತವರು ಬಂದರೆ ಒಂದೇ ನಿಮಿಷ. ಅದೂ ಗೋಡೆಯ ಮೇಲೆ ನಕ್ಷೆ, ಕೈಯಲ್ಲಿ ಕೋಲು.

ಇನ್ನೂ ಒಂದು ಸಂಗತಿ. ನಾವು ದೇವಯ್ಯನವರನ್ನು ನೆನೆಯುವ ಸೆಪ್ಟೆಂಬರ್ 7, ಪಾಕಿಸ್ತಾನದಲ್ಲಿ ವಾಯುಪಡೆಯ ದಿನ. ಅಲ್ಲಿಯ ಮಕ್ಕಳಿಗೆ ಅದು ಅವರು ಗೆದ್ದ ದಿನ, ಇಲ್ಲಿಯ ಚಿತ್ರದಲ್ಲಿ ನಾವು ಗೆದ್ದ ದಿನ. ಎರಡೂ ಕಡೆಯ ಜನಪ್ರಿಯ ಕಥೆಗಳು ಹೀಗೆ ಬೆನ್ನಿಗೆ ಬೆನ್ನು ಮಾಡಿ ನಿಂತಿವೆ. ನಡುವೆ ಸತ್ಯ ಹುಡುಕುವವನು ಎರಡೂ ಕಡತಗಳನ್ನು ಓದಬೇಕು. ತನೇಜಾ ಅವರು ಮಾಡಿದ್ದು ಅದನ್ನೇ.

ಕೊಡಗಿನ ಮಾತು ಬಂದಾಗ ಜನರಲ್ ತಿಮ್ಮಯ್ಯನವರನ್ನು ಮರೆಯುವಂತಿಲ್ಲ. ಕೊರಿಯಾ ಯುದ್ಧ ನಿಂತ ಮೇಲೆ 1953ರಲ್ಲಿ, ತಮ್ಮ ದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ವಿಷಯವನ್ನು ನಿರ್ವಹಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾದಾಗ ಅದರ ಅಧ್ಯಕ್ಷರಾದವರು ಅವರು. ಎರಡೂ ಬಣಗಳ ಬೈಗುಳ ಕೇಳಿಕೊಂಡು ಕೆಲಸ ಮುಗಿಸಿದರು. ಮುಂದೆ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗ, 1965ರ ಡಿಸೆಂಬರ್‌ನಲ್ಲಿ, ಅಲ್ಲೇ ಕೊನೆಯುಸಿರೆಳೆದರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಗುಂಡು ಹಾರದಂತೆ ನೋಡಿಕೊಂಡ ದಂಡನಾಯಕನ ಮೇಲೆ ಬಂಡವಾಳ ಹೂಡುವ ನಿರ್ಮಾಪಕ ಎಲ್ಲಿದ್ದಾನೆ?

ಹಾಗೆಂದು ಒಳ್ಳೆಯ ಚಿತ್ರಗಳು ಬಂದೇ ಇಲ್ಲವೆಂದಲ್ಲ. 1964ರಲ್ಲಿ ಚೇತನ್ ಆನಂದ್ ಅವರು 1962ರ ಲಡಾಖ್ ಕದನದ ಮೇಲೆ ‘ಹಕೀಕತ್’ ತೆಗೆದರು. ಅದರ ಕಲಾನಿರ್ದೇಶನಕ್ಕಾಗಿ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದವರು ನಮ್ಮ ಮೈಸೂರಿನ ಎಂ.ಎಸ್. ಸತ್ಯು. ಚೀನೀಯರ ಮೇಲಿನ ಕೋಪ ಅದರಲ್ಲೂ ಇದೆ. ಆದರೆ ಸೋತ ಯುದ್ಧದ ಚಿತ್ರವಾದ್ದರಿಂದ ಅಬ್ಬರಕ್ಕೆ ಅವಕಾಶವಿರಲಿಲ್ಲ. ಚಳಿ, ಹಸಿವು, ಬಾರದ ಕಾಗದ, ಹಿಂದೆ ಸರಿಯುವ ದಣಿದ ಕಾಲುಗಳು, ಇವು ಕಾಣುತ್ತವೆ. ಕನ್ನಡದಲ್ಲಿ 1990ರ ‘ಮುತ್ತಿನ ಹಾರ’ವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ರಾಜೇಂದ್ರಸಿಂಗ್ ಬಾಬು ಅವರ ಆ ಚಿತ್ರದಲ್ಲಿ ವಿಷ್ಣುವರ್ಧನ್ ಕೊಡಗಿನ ಸೈನಿಕ, ಸುಹಾಸಿನಿ ದಾದಿ. ಅದು ಕಲ್ಪಿತ ಕಥೆಯೇ; ಯಾರ ಸತ್ಯಕಥೆ ಎಂದೂ ಹೇಳಿಕೊಳ್ಳಲಿಲ್ಲ. ಆದರೆ ಯುದ್ಧದ ಬೆಲೆ ತೆರುವುದು ಸಂಸಾರ ಎಂಬುದನ್ನು ಮರೆಯಲಿಲ್ಲ. ಕಲ್ಪನೆಯನ್ನು ಕಲ್ಪನೆ ಎಂದು ಹೇಳಿ ನಿಜ ತೋರಿಸುವುದು, ನಿಜವೆಂದು ಹೇಳಿ ಕಲ್ಪನೆ ತೋರಿಸುವುದಕ್ಕಿಂತ ಮೇಲಲ್ಲವೆ?

ಸಿನಿಮಾ ಕೊಟ್ಟ ಅಭ್ಯಾಸ ಸಿನಿಮಾ ಮಂದಿರದಲ್ಲೇ ಉಳಿಯುವುದಿಲ್ಲ. 2025ರ ಮೇ ತಿಂಗಳ ಆ ನಾಲ್ಕು ರಾತ್ರಿಗಳನ್ನು ದೆಹಲಿಯ ಕನ್ನಡಿಗರು ಮರೆತಿರಲಾರರು. ಪಹಲ್ಗಾಮಿನಲ್ಲಿ ಏಪ್ರಿಲ್ 22ರಂದು 26 ಮಂದಿಯನ್ನು ಕೊಂದಿದ್ದರು. ನಮ್ಮ ರಾಜ್ಯದಿಂದ ಹೋದವರೂ ಅದರಲ್ಲಿದ್ದರು. ಮೇ 7ರ ನಸುಕಿನಲ್ಲಿ ನಮ್ಮ ಸೇನೆ ಪ್ರತ್ಯುತ್ತರ ಕೊಟ್ಟಿತು. ದುಃಖವೂ ನಿಜ, ಸಿಟ್ಟೂ ನಿಜ. ಆದರೆ ಆ ರಾತ್ರಿಗಳಲ್ಲಿ ಕೆಲವು ಸುದ್ದಿವಾಹಿನಿಗಳು ಮಾಡಿದ್ದೇನು? ಕರಾಚಿ ಬಂದರು ಧ್ವಂಸವಾಯಿತೆಂದರು, ಆಗಿರಲಿಲ್ಲ. ಹಳೆಯ ದೃಶ್ಯಗಳು ಹೊಸವಾಗಿ ಬಂದವು. ವಿಡಿಯೋ ಆಟದ ತುಣುಕುಗಳು ಯುದ್ಧವೆಂದು ಫೋನಿನಿಂದ ಫೋನಿಗೆ ಹಾರಿದವು. ಕಾರ್ಯಕ್ರಮದ ಹಿನ್ನೆಲೆಗೆ ವಾಯುದಾಳಿಯ ಸೈರನ್ ಹಾಕಿದರು. ಆ ಸೈರನ್ನಿನ ಸದ್ದನ್ನು ಬಳಸಬೇಡಿ, ನಿಜವಾದ ಎಚ್ಚರಿಕೆಯನ್ನೂ ಜನ ಲೆಕ್ಕಿಸದಂತಾದೀತು ಎಂದು ಕೇಂದ್ರದ ನಾಗರಿಕ ರಕ್ಷಣಾ ನಿರ್ದೇಶನಾಲಯವೇ ಸೂಚನೆ ಹೊರಡಿಸಬೇಕಾಯಿತು.

ಹಾಸನದ ಹಳ್ಳಿಯಲ್ಲಿರುವ ನಮ್ಮ ತಾಯಿಯವರು ರಾತ್ರಿ ಹನ್ನೊಂದೂವರೆಗೆ ಫೋನು ಮಾಡಿ, “ಮಗುನ ಕರಕೊಂಡು ನಾಳೆನೇ ಹೊರಟು ಬನ್ನಿ. ಟಿವಿಯಲ್ಲಿ ಸೈರನ್ ಕೂಗ್ತಾ ಇದೆ, ನಿಮಗೆ ಕೇಳಿಸ್ತಿಲ್ವಾ?” ಎಂದು ಅತ್ತರು. ನಾವು ಬಾಗಿಲು ತೆರೆದು ಹೊರಗೆ ನಿಂತು ಕೇಳಿದೆವು. ಬೀದಿಯಲ್ಲಿ ಒಂದು ನಾಯಿ ಬೊಗಳುತ್ತಿತ್ತು, ಅಷ್ಟೇ. ಎರಡು ಸಾವಿರ ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಕೇಳಿಸುತ್ತಿದ್ದ ಸೈರನ್, ದೆಹಲಿಯಲ್ಲಿ ಇರಲೇ ಇಲ್ಲ. ಅದೇ ಹೊತ್ತಿನಲ್ಲಿ ಗಡಿಯ ಹಳ್ಳಿಗಳಲ್ಲಿ ನಿಜವಾದ ಗುಂಡಿಗೆ ನಿಜವಾದ ಜನ ಸಾಯುತ್ತಿದ್ದರು. ಸುಳ್ಳು ಬಂದರಿನ ಸುದ್ದಿಯ ಅಬ್ಬರದಲ್ಲಿ ಪೂಂಛಿನವರ ಅಳು ಎಷ್ಟು ಮನೆಗಳಿಗೆ ಕೇಳಿಸಿತು?

ಇಲ್ಲಿಗೆ ನಮ್ಮ ವಾದ ಮುಗಿಯಿತು. ದೇಶಭಕ್ತಿಯ ಚಿತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಸೈನಿಕನನ್ನು ಗೌರವಿಸುವ ಮೊದಲನೆಯ ಮೆಟ್ಟಿಲು ಅವನ ವಿಷಯದಲ್ಲಿ ನಿಜ ಹೇಳುವುದು ಎಂದಷ್ಟೇ ಹೇಳುತ್ತಿದ್ದೇವೆ. ಅವನ ಹೆಸರು ಅವನಿಗಿರಲಿ, ಬದುಕಿದವನು ಬದುಕಿರಲಿ, ಅವನು ಏಕೆ ಹೋಗಬೇಕಾಯಿತು, ಯಾವ ಮೇಜಿನ ಮೇಲೆ ಅದು ಮುಗಿಯಿತು ಎಂಬುದಕ್ಕೂ ಹತ್ತು ನಿಮಿಷ ಸಿಗಲಿ. ನಿರ್ಮಾಪಕರು ನಮ್ಮ ಮಾತು ಕೇಳುವವರಲ್ಲ. ಆದರೆ ಮನೆಯಲ್ಲಿ ನಾವು ಮಾಡಬಹುದಾದದ್ದಿದೆ. ಚಿತ್ರಕ್ಕೆ ಎರಡು ಗಂಟೆ ಕೊಟ್ಟ ಮೇಲೆ, ಊಟದ ಹೊತ್ತಿನಲ್ಲಿ ಅರ್ಧ ಗಂಟೆ ನಿಜವಾದ ಕಥೆಗೂ ಕೊಡಬಹುದು. ನಮ್ಮ ಸಂಘದಲ್ಲಿಯೇ ಸೈನ್ಯದಿಂದ ನಿವೃತ್ತರಾದ ಎಷ್ಟು ಮಂದಿ ಹಿರಿಯರಿಲ್ಲ? ಯುಗಾದಿಗೆ, ರಾಜ್ಯೋತ್ಸವಕ್ಕೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ, ಮಾತಾಡಿಸಿದ್ದೇವೆಯೇ?

ನಮ್ಮ ಮಗ ಆ ಭಾನುವಾರದ ನಂತರ ಮೇಲಿನ ಮಹಡಿಗೆ ಆಗಾಗ ಹೋಗುತ್ತಾನೆ. ಹಿರಿಯರು ಅವನ ಟಿಪ್ಪಣಿ ಪುಸ್ತಕದಲ್ಲಿ ‘ಅಜ್ಜಮಾಡ ಬೋಪಯ್ಯ ದೇವಯ್ಯ’ ಎಂದು ತಾವೇ ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಎಲ್ಲಿದೆ ಎಂದು ನಕ್ಷೆಯನ್ನೂ ಗೀಚಿದ್ದಾರೆ. ಇಂಡಿಯಾ ಗೇಟಿನ ಬಳಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧಸ್ಮಾರಕದಲ್ಲಿ, ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಗ್ರಾನೈಟ್ ಕಲ್ಲಿನಲ್ಲಿ ಕೊರೆದಿದ್ದಾರೆ. ಅಲ್ಲಿ ನಟರಿಲ್ಲ, ಹಿನ್ನೆಲೆ ಸಂಗೀತವಿಲ್ಲ; ಹೆಸರುಗಳು ಮಾತ್ರ. ಬರುವ ಸೆಪ್ಟೆಂಬರ್ 7ರಂದು ಸಂಜೆ ಕಚೇರಿ ಮುಗಿಸಿ ಹಿರಿಯರನ್ನು ಕರೆದುಕೊಂಡು ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಓದುಗರಲ್ಲಿ ಬರಲು ಇಷ್ಟವಿರುವವರು ಮಕ್ಕಳನ್ನೂ ಕರೆದುಕೊಂಡು ಬನ್ನಿ. ಹಿರಿಯರ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕೀತು.